ಕರುಳಿನ ಸಾಕ್ಷಿ

ಕಂತು ಏಳು

ಆಸ್ಪತ್ರೆಯ ಸ್ಟೋರಿನಲ್ಲಿ ಡ್ರಾಯರನ್ನು ಪೂರ್ತಿ ಹೊರಗೆಳೆದಾಗ ತಣ್ಣನೆಯ ಮೇಣದ ವಾಸನೆ ಎದ್ದಿತು. ಒಳಗೆ ಸಾಲುಸಾಲಾಗಿ ಮೇಣದ ಬಿಲ್ಲೆಗಳು. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಒಂದೊಂದರ ನಡುವೆಯೂ ಯಾರದೋ ದೇಹದ ಒಂದು ಚೂರು. ಸಾಲಿನ ಮಧ್ಯೆ ಹಲ್ಲು ಕಿತ್ತ ಬಾಯಿಯ ಹಾಗೆ ಒಂದು ಕಡೆ ಖಾಲಿ.

"ಇಲ್ಲೇ ಇರಬೇಕಿತ್ತು," ಎಂದಳು ಡಾಕ್ಟರ್. "ತಕ್ಕಡಿ ಯಜಮಾನರ ಕರುಳಿನ ಗಡ್ಡೆ. ಗಾಜಿನ ಸ್ಲೈಡುಗಳ ಪೆಟ್ಟಿಗೆನೂ ಇಲ್ಲ. ಎಲ್ಲಾ ಹೋಗಿದೆ."

"ಹೋಗಿದೆ ಅಂದ್ರೆ? ಕಾಲು ಬಂದು ನಡ್ಕೊಂಡು ಹೋಯ್ತಾ?"

"ಮನೆಯವರು ತಗೊಂಡು ಹೋಗಿದಾರೆ. ಬೇರೆ ಆಸ್ಪತ್ರೆಯಲ್ಲಿ ಇನ್ನೊಂದ್ಸಲ ತೋರಿಸ್ಬೇಕು ಅಂತ ಯಾರಾದ್ರೂ ಬಂದ್ರೆ ನಾವು ಕೊಡ್ತೀವಿ. ರೋಗಿನೇ ಸತ್ತು ಎರಡು ವರ್ಷ ಆಗಿದೆ, ಈಗ ಯಾರಿಗೆ ತೋರಿಸ್ತೀರಪ್ಪಾ ಅಂತ ನಮ್ಮ ಸ್ಟೋರಿನವನು ಕೇಳ್ಬೇಕಿತ್ತು. ಕೇಳಿಲ್ಲ."

"ಬಂದಿದ್ದು ಗಂಡಸೋ ಹೆಂಗಸೋ?"

"ಅದೂ ನೆನಪಿಲ್ವಂತೆ. ಮನೆಯವರು ಅಂದ್ರು, ಕೊಟ್ಟೆ ಅಂತಾನೆ. ದಿನಾ ನೂರು ಜನ ಬಂದು ಹೋಗೋ ಕಿಟಕಿ ಅದು."

ಇನ್‌ಸ್ಪೆಕ್ಟರಮ್ಮ ಆ ಖಾಲಿ ಜಾಗದಲ್ಲಿ ಬೆರಳಿಟ್ಟು ನೋಡಿದಳು. ಧೂಳು ಕೂಡ ಕೂತಿರಲಿಲ್ಲ. ಹೋಗಿ ಬಹಳ ದಿನವಾಗಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ರೈಲು ನಿಲ್ದಾಣದ ಗದ್ದಲದಲ್ಲಿ ಕಳೆದುಹೋದ ತಕ್ಕಡಿ ಯಜಮಾನರ ಮಗಳು ನಾನೇ ಎಂದು ಒಬ್ಬಳು ಬಂದು ನಿಂತಿದ್ದಳು. ಅದು ನಿಜವೋ ಸುಳ್ಳೋ ಎಂದು ನೇರವಾಗಿ ಹೇಳಬಲ್ಲ ಒಂದೇ ಒಂದು ವಸ್ತು ಈಗ ಮಾಯವಾಗಿತ್ತು. ಯಜಮಾನರ ದೇಹ ಸುಟ್ಟು ಬೂದಿಯಾಗಿತ್ತು. ಮಗುವಿನ ತಾಯಿ ಅದಕ್ಕೂ ಎಷ್ಟೋ ಮೊದಲೇ ತೀರಿಕೊಂಡಿದ್ದಳು. ಯಜಮಾನರ ಕಡೆ ಉಳಿದವಳು ಅವರ ಅಕ್ಕ, ಎಲ್ಲರ ಅಕ್ಕಯ್ಯ, ಒಬ್ಬಳೇ. ಸೋದರತ್ತೆಯ ರಕ್ತವನ್ನೂ ಸೋದರಸೊಸೆಯ ರಕ್ತವನ್ನೂ ಹೋಲಿಸಿ ನೋಡಿದರೆ ಸಿಗುವುದು 'ಇರಬಹುದು' ಎಂಬ ಉತ್ತರ. ನ್ಯಾಯಾಲಯದಲ್ಲಿ ನಿಲ್ಲುವ 'ಹೌದು' ಅಲ್ಲ.

"ಕಳ್ಳಿ ಬುದ್ಧಿವಂತೆ," ಎಂದಳು ಇನ್‌ಸ್ಪೆಕ್ಟರಮ್ಮ.

"ಕಳ್ಳಿ ಅಂತ ಆಗ್ಲೇ ತೀರ್ಮಾನ ಮಾಡ್ಬಿಟ್ಯಾ?"

"ಅಪ್ಪನ ಚೂರು ಸಿಕ್ಕಿದ್ರೆ ಬಣ್ಣ ಬಯಲಾಗೋದು ಯಾರದ್ದು ಹೇಳು."

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು. ಒಬ್ಬಳು ಸತ್ತವರ, ಬದುಕಿದವರ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರಾದಳು. ಇನ್ನೊಬ್ಬಳು ಪೊಲೀಸಾದಳು, ಮೇಲಿನವರ ಜೊತೆ ಜಗಳವಾಡಿ ಬಿಟ್ಟು ಬಂದಳು. ಈಗ ಸ್ವಂತವಾಗಿ ಪತ್ತೆ ಕೆಲಸ ಮಾಡುತ್ತಿದ್ದರೂ ಊರು ಅವಳನ್ನು ಇನ್‌ಸ್ಪೆಕ್ಟರಮ್ಮ ಎಂದು ಕರೆಯುವುದನ್ನು ಬಿಟ್ಟಿರಲಿಲ್ಲ. ಬಿಡಿಸಲು ಅವಳೂ ಪ್ರಯತ್ನಪಟ್ಟಿರಲಿಲ್ಲ.

"ಚೂರು ಹೋದ್ರೂ ಪರೀಕ್ಷೆಯ ದಾಖಲೆ ಹೋಗಿಲ್ಲ," ಎಂದು ಡಾಕ್ಟರ್ ಡ್ರಾಯರನ್ನು ಮೊಣಕಾಲಿನಿಂದ ಒಳಗೆ ತಳ್ಳಿದಳು. "ಬಾ. ಅಕ್ಕಯ್ಯನವರು ಒಪ್ಪಿಗೆ ಕೊಟ್ಟಿದಾರೆ ಅಂದೆಯಲ್ಲ, ತೋರಿಸ್ತೀನಿ."

ಕಂಪ್ಯೂಟರಿನ ಪರದೆಯ ಮೇಲೆ ಎರಡು ಚಿತ್ರಗಳು ಬಂದವು. ಮೊದಲನೆಯದರಲ್ಲಿ ಕರುಳಿನ ಗೋಡೆ. ಒಳ್ಳೆಯ ಭಾಗವೆಲ್ಲ ಕಂದು ಚುಕ್ಕೆಗಳಿಂದ ತುಂಬಿತ್ತು. ಗಡ್ಡೆಯಿದ್ದ ಭಾಗ ಮಾತ್ರ ಬಿಳಿಚಿಕೊಂಡು ತಿಳಿ ನೀಲಿಯಾಗಿತ್ತು.

"ನಮ್ಮ ಜೀವಕೋಶ ಎರಡಾಗುವಾಗ ಒಳಗಿನ ಬರಹವನ್ನೆಲ್ಲ ನಕಲು ಮಾಡುತ್ತೆ. ನಕಲು ಮಾಡುವಾಗ ತಪ್ಪಾಗುತ್ತೆ. ಆ ತಪ್ಪನ್ನ ತಿದ್ದೋಕೆ ಅಂತಲೇ ಒಂದು ಜೀನ್ ಇದೆ. ಕಂದು ಬಣ್ಣ ಇದ್ದ ಕಡೆ ತಿದ್ದೋನು ಕೆಲಸ ಮಾಡ್ತಿದಾನೆ. ಗಡ್ಡೆಯಲ್ಲಿ ಅವನಿಲ್ಲ. ತಪ್ಪಿನ ಮೇಲೆ ತಪ್ಪು ಉಳಿದು ಉಳಿದು, ಆ ಕೋಶಗಳು ಹದ ತಪ್ಪಿ, ಕೊನೆಗೆ ಕ್ಯಾನ್ಸರ್."

"ಇದು ನಂಗೆ ಗೊತ್ತಿರೋದೇ. ಮನೆಯವರಿಗೂ ಗೊತ್ತು. ವಂಶದ ಕಾಯಿಲೆ ಅಂತ ನೀನೇ ಹೇಳಿದ್ದಂತೆ."

"ವಂಶದ್ದು ಇರಬಹುದು ಅಂದೆ. ಬಹುದು. ಅವತ್ತು ಅಕ್ಕಯ್ಯ, ಯಜಮಾನರ ಬಾಮೈದ ಇಬ್ಬರೂ ಎದುರಿಗೇ ಕೂತಿದ್ರು. ತಿದ್ದೋನು ಕಾಣಿಸ್ತಿಲ್ಲ ಅಂದ್ರೆ ಎರಡು ಕಾರಣ ಇರುತ್ತೆ ಕಣೇ. ಒಂದು, ಜೀನೇ ಹುಟ್ಟಿನಿಂದ ಮುರಿದಿರೋದು. ಅದು ಅಪ್ಪ ಅಮ್ಮನಿಂದ ಬರುತ್ತೆ, ಮಕ್ಕಳಿಗೆ ಹೋಗುತ್ತೆ. ಇನ್ನೊಂದು ಇದು."

ಎರಡನೆಯ ಚಿತ್ರ ಒಂದು ಗೀಟು. ನೆಲಕ್ಕಂಟಿಕೊಂಡು ಬಂದ ಗೆರೆ ಒಂದು ಕಡೆ ಇದ್ದಕ್ಕಿದ್ದಂತೆ ಗುಡ್ಡದ ಹಾಗೆ ಎದ್ದಿತ್ತು.

"ಈ ಎರಡನೇ ಪರೀಕ್ಷೆನ ನಾನೇ ಕೈಯಾರೆ ಮಾಡಿದ್ದು. ಯಜಮಾನರ ಜೀನಿನಲ್ಲಿ ಒಂದಕ್ಷರ ಕೆಟ್ಟಿಲ್ಲ. ಆದ್ರೆ ಅದು ಶುರುವಾಗೋ ಜಾಗದಲ್ಲಿ ಮೀಥೈಲ್ ಅನ್ನೋ ಸಣ್ಣ ಸಣ್ಣ ರಾಸಾಯನಿಕ ತುಣುಕುಗಳು ಮುತ್ತಿಕೊಂಡಿವೆ. ಇರುವೆ ಮುತ್ತಿದ ಹಾಗೆ. ಅಷ್ಟಾದ್ರೆ ಸಾಕು, ಜೀವಕೋಶ ಅದನ್ನ ಓದೋದೇ ಬಿಟ್ಟುಬಿಡುತ್ತೆ. ಜೀನ್ ಇದೆ, ಗಟ್ಟಿಮುಟ್ಟಾಗಿದೆ, ಬಾಯಿ ಮಾತ್ರ ಕಟ್ಟಿದೆ."

"ಯಾರು ಕಟ್ಟಿದ್ದು?"

"ವಯಸ್ಸು. ಇನ್ನೂ ಏನೇನೋ. ಪೂರ್ತಿ ನಮಗೂ ಗೊತ್ತಿಲ್ಲ. ಆದ್ರೆ ಇದು ನಡೆದಿದ್ದು ಅವರ ಕರುಳಿನ ಅದೊಂದು ತುಣುಕಿನಲ್ಲಿ. ಅವರ ರಕ್ತವನ್ನೂ ಆಗ ನೋಡಿದ್ದೆ, ರಕ್ತ ನಾವು ಇಟ್ಕೊಳ್ಳಲ್ಲ, ಬರೆದಿಟ್ಟಿದ್ದು ಉಳಿದಿದೆ. ಶುದ್ಧ."

"ಹಾಗಾದ್ರೆ ಮಗಳಿಗೆ ಹೋಗೋ ಪ್ರಶ್ನೆನೇ ಇಲ್ಲ."

"ಈ ಮನುಷ್ಯನಿಂದ ಅದು ಯಾರಿಗೂ ಹೋಗಿಲ್ಲ. ನಾನು ಹೇಳಬಲ್ಲದ್ದು ಅಷ್ಟೇ."

"ಇದು ಮನೆಯವರಿಗೆ ಗೊತ್ತಾ?"

ಡಾಕ್ಟರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಎರಡನೇ ಉತ್ತರ ಬಂದಾಗ ಯಜಮಾನರೊಬ್ಬರೇ ಬಂದಿದ್ರು. ನಿಮ್ಮಲ್ಲೇ ಶುರುವಾಯ್ತು, ನಿಮ್ಮಲ್ಲೇ ಮುಗೀತು, ನಿಮ್ಮ ಮಕ್ಕಳುಮರಿಗೆ ಭಯ ಇಲ್ಲ ಅಂದೆ. ಅದಕ್ಕೆ ಅವರು, ಭಯಪಡೋಕೆ ನನ್ನ ಹಿಂದೆ ಯಾರಿದಾರೆ ಡಾಕ್ಟ್ರೇ ಅಂದ್ರು. ಆ ಮಾತನ್ನ ಮನೆಗೆ ತಗೊಂಡು ಹೋಗಿ ಯಾರಿಗೆ ಹೇಳ್ತಾರೆ?"

ಇನ್‌ಸ್ಪೆಕ್ಟರಮ್ಮ ಎದ್ದು ನಿಂತಾಗಿತ್ತು. ಮೂರು ವಾರದಿಂದ ಕೈಗೆ ಸಿಗದೆ ಜಾರುತ್ತಿದ್ದ ಎಳೆ ಈಗ ಬೆರಳಿಗೆ ಸುತ್ತಿಕೊಂಡಿತ್ತು. ಆ ಹೆಣ್ಣು ಬಂದು ಹೇಳಿದ್ದೇನು? ನನ್ನ ತಪ್ಪು ತಿದ್ದುವ ಜೀನ್ ಹುಟ್ಟಿನಿಂದಲೇ ಮುರಿದಿದೆ, ಕರುಳಿನಲ್ಲಿ ಗಡ್ಡೆಯಾಗಿದೆ. ಕೇಳಿದವರೆಲ್ಲ ಅಯ್ಯೋ, ಅಪ್ಪನದೇ ಕಾಯಿಲೆ ಎಂದು ಕರಗಿ ಹೋದರು. ಅವಳಿಗೆ ಪಾಠ ಹೇಳಿಕೊಟ್ಟವರಿಗೆ ಮೊದಲನೆಯ ಪರೀಕ್ಷೆ ಗೊತ್ತಿತ್ತು, ಎರಡನೆಯದು ಗೊತ್ತಿರಲಿಲ್ಲ. ಅರ್ಧ ಓದಿದವನ ನಕಲು.

"ಅವಳ ರಕ್ತ ತೆಗೆದಿದೀವಲ್ಲ, ನಾಳೆ ಬೆಳಿಗ್ಗೆ ಉತ್ತರ ಬರುತ್ತೆ," ಎಂದಳು ಡಾಕ್ಟರ್. "ಅಲ್ಲೀತನಕ ತಡ್ಕೊಳ್ಳೋದಲ್ವಾ?"

"ನಾಳೆ ಅಂದ್ರೆ ಅವಳು ಇನ್ನೊಂದು ಕತೆ ಹೊಸೆದುಕೊಂಡು ಕೂತಿರ್ತಾಳೆ."

"ನೀನು ಚಿಕ್ಕೋಳಿದ್ದಾಗಲೂ ಹೀಗೇ. ಪ್ರಶ್ನೆಪತ್ರಿಕೆ ಪೂರ್ತಿ ಓದದೆ ಉತ್ತರ ಬರೀತಿದ್ದೆ."

"ಪಾಸಾಗ್ತಿದ್ದೆನಲ್ಲ," ಎಂದು ಇನ್‌ಸ್ಪೆಕ್ಟರಮ್ಮ ಮೆಟ್ಟಿಲಿಳಿದಳು.

*

ತಕ್ಕಡಿ ಯಜಮಾನರ ಮನೆ ಅವರ ತಕ್ಕಡಿ ಕಾರ್ಖಾನೆಯ ಬೆನ್ನಿಗೇ ಅಂಟಿಕೊಂಡಿತ್ತು. ನಡುಮನೆಯ ಗೋಡೆಯುದ್ದಕ್ಕೂ ಹಳೆಯ ತಕ್ಕಡಿಗಳು: ಚಿನ್ನ ತೂಗುವ ಬೊಗಸೆಯಷ್ಟು ಪುಟ್ಟದರಿಂದ ಹಿಡಿದು ಮೂಟೆ ತೂಗುವ ಕಬ್ಬಿಣದ ತೊಲೆಯವರೆಗೆ. ಆಚೆ ಶೆಡ್ಡಿನಲ್ಲಿ ಅರ ಉಜ್ಜುವ ಸದ್ದು ಒಂದೇ ಸಮನೆ ಕೇಳುತ್ತಿತ್ತು.

ಮೇಜಿನ ಆಚೆ ಅಕ್ಕಯ್ಯ. ಯಜಮಾನರ ಅಕ್ಕ, ಮನೆಯವರಿಗೂ ಕಾರ್ಖಾನೆಯವರಿಗೂ ಅವಳು ಅಕ್ಕಯ್ಯನೇ. ಮದುವೆಯಾಗದೆ ತಮ್ಮನ ಮನೆ ನೋಡಿಕೊಂಡು ಮುದುಕಿಯಾದವಳು. ಅಂದು ನಿಲ್ದಾಣದಲ್ಲಿ ಮಗುವಿನ ಕೈ ಹಿಡಿದಿದ್ದವಳು ಅವಳು. ಬಿಟ್ಟವಳೂ ಅವಳೇ.

ಈಗ ಪಕ್ಕದಲ್ಲಿ ಕೂತಿದ್ದ ಹೆಣ್ಣಿನ ಮಣಿಕಟ್ಟನ್ನು ಅವಳು ಬಿಗಿಯಾಗಿ ಹಿಡಿದಿದ್ದಳು. ಬಂದ ದಿನದಿಂದಲೂ ಹೀಗೆಯೇ. ಚಹಾ ಕುಡಿಯುವಾಗ ಕೂಡ ಲೋಟ ಎಡಗೈಯಲ್ಲಿ.

ಆ ಹೆಣ್ಣಿಗೆ ಮೂವತ್ತೊಂದರ ವಯಸ್ಸು. ಅನಾಥಾಲಯದಲ್ಲಿ ಬೆಳೆದವಳು, ದೂರದ ಊರಿನಲ್ಲಿ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದವಳು. ಕಾರ್ಖಾನೆಯ ಕೆಲಸಗಾರರು ಅವಳಿಗೆ 'ಡ್ರೈವರಕ್ಕ' ಎಂದು ಹೆಸರಿಟ್ಟಿದ್ದರು. ಮೈ ಇಳಿದಿತ್ತು, ಮುಖ ಸುಣ್ಣದಂತಿತ್ತು. ಮಾತು ಮಾತ್ರ ಗಟ್ಟಿ.

ಬಾಗಿಲ ಹತ್ತಿರ ಬಾಮೈದ ನಿಂತಿದ್ದ. ಯಜಮಾನರ ಹೆಂಡತಿಯ ತಮ್ಮ. ಭಾವ ಇದ್ದಾಗ ಅವರ ಬಲಗೈ, ಭಾವ ಹೋದ ಮೇಲೆ ಕಾರ್ಖಾನೆಯ ದಣಿ. ಆದರೂ ಊರಿಗೆಲ್ಲ ಅವನು ಬಾಮೈದನೇ. ಮಗಳು ಸಿಕ್ಕರೆ ಎಲ್ಲವೂ ಅವಳಿಗೆ, ಸಿಗದಿದ್ದರೆ ಬಾಮೈದನಿಗೆ ಎಂದು ಯಜಮಾನರು ಹೇಳಿ ಸತ್ತಿದ್ದರು. ಇನ್‌ಸ್ಪೆಕ್ಟರಮ್ಮನನ್ನು ಈ ಕೆಲಸಕ್ಕೆ ಕರೆದವನೂ ಅವನೇ. ಮೋಸಗಾತಿಗೆ ಮನೆ ಬಿಟ್ಟುಕೊಡಲು ಯಾರಿಗೆ ತಾನೆ ಮನಸ್ಸು ಬರುತ್ತದೆ ಎಂದು ಅವಳಿಗೂ ಅನಿಸಿತ್ತು.

"ನಿನ್ನ ಕಾಯಿಲೆ ಎಲ್ಲಿಂದ ಬಂತು ಅಂತ ಇನ್ನೊಂದ್ಸಲ ಹೇಳಮ್ಮ," ಎಂದು ಅವಳು ಶುರು ಮಾಡಿದಳು.

ಡ್ರೈವರಕ್ಕ ನಿಟ್ಟುಸಿರು ಬಿಟ್ಟಳು. "ಎಷ್ಟು ಸಲ ಹೇಳ್ಲಿ? ಹುಟ್ಟಿನಿಂದ ಜೀನ್ ಮುರಿದಿದೆ ಅಂದ್ರು ನಮ್ಮೂರಿನ ಡಾಕ್ಟರು. ಮನೆಯಲ್ಲಿ ಯಾರಿಗಿತ್ತು ಅಂತ ಕೇಳಿದ್ರು. ನಂಗೆ ಮನೆಯವರೇ ಇಲ್ಲ, ಅವರ ಕಾಯಿಲೆ ಎಲ್ಲಿಂದ ತರ್ಲಿ ಸ್ವಾಮಿ ಅಂದೆ. ಆಮೇಲೆ ಅನಿಸ್ತು, ಯಾರೋ ಒಬ್ಬರು ಕೊಟ್ಟಿರಬೇಕಲ್ಲ, ಅವರು ಯಾರು ಅಂತ. ಹುಡುಕ್ತಾ ಬಂದೆ."

"ಹುಡುಕ್ತಾ ಬಂದವಳಿಗೆ ಅಪ್ಪನ ಕಾಯಿಲೆ ತಾಳೆಯಾಯ್ತು."

"ಹಾಗಂತ ನಾನು ಹೇಳ್ಲಿಲ್ಲ. ಅತ್ತೆ ಹೇಳಿದ್ರು. ನಾನು ಕರುಳು ಅನ್ನೋದೇ ತಡ, ಅತ್ತೆ ಅಳೋಕೆ ಶುರು ಮಾಡಿದ್ರು."

"ಹೌದು," ಎಂದಳು ಅಕ್ಕಯ್ಯ. "ನನ್ನ ತಮ್ಮನದೇ. ಅದೇ ಜೀನು. ಕರುಳು ಸುಳ್ಳು ಹೇಳುತ್ತಾ?"

"ಹೇಳಲ್ಲ ಅಕ್ಕಯ್ಯ. ಅದಕ್ಕೇ ಬಂದಿದೀನಿ."

ಇನ್‌ಸ್ಪೆಕ್ಟರಮ್ಮ ನಿಧಾನವಾಗಿ, ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ, ಎರಡು ಕಾರಣಗಳನ್ನು ಬಿಡಿಸಿಟ್ಟಳು. ಮುರಿದ ಜೀನು ಒಂದು. ಬಾಯಿ ಕಟ್ಟಿದ ಜೀನು ಇನ್ನೊಂದು. ಯಜಮಾನರದು ಎರಡನೆಯದು. ಅದು ವಯಸ್ಸಾದ ಮೇಲೆ ಅವರ ಕರುಳಿನಲ್ಲಿ ಹುಟ್ಟಿ ಅಲ್ಲೇ ಸತ್ತ ಸಂಗತಿ. ಅವರ ರಕ್ತದಲ್ಲಿ ಜೀನು ನೆಟ್ಟಗಿತ್ತು. ನೆಟ್ಟಗಿರುವ ತಂದೆ ಮಗಳಿಗೆ ಮುರಿದದ್ದನ್ನು ಹೇಗೆ ಕೊಟ್ಟಾನು?

ಶೆಡ್ಡಿನಲ್ಲಿ ಅರದ ಸದ್ದು ನಿಂತಿತು. ಯಾರೋ ಕೆಮ್ಮಿದರು, ಮತ್ತೆ ಶುರುವಾಯಿತು.

"ನಿನಗೆ ಕಲಿಸಿಕೊಟ್ಟವರಿಗೆ ಅರ್ಧ ಮಾತ್ರ ಗೊತ್ತಿತ್ತು," ಎಂದಳು ಅವಳು. "ಮೊದಲನೇ ಪರೀಕ್ಷೆ ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಈ ಮನೆಯಿಂದ ಯಾರ ಕಿವಿಗೆ ಬೇಕಾದ್ರೂ ಬಿದ್ದಿರಬಹುದು. ಎರಡನೇದು ಯಜಮಾನರ ಜೊತೆಗೇ ಹೋಯ್ತು. ಅದಕ್ಕೇ ನಿನ್ನ ಕತೆಯಲ್ಲಿ ಅದಿಲ್ಲ. ಯಾರವರು?"

"ನಾನು ಜನಕ್ಕೆ ಗಾಡಿ ಕಲಿಸೋಳು. ನಂಗೆ ಯಾರೂ ಏನೂ ಕಲಿಸಿಲ್ಲ."

"ಮೇಣದ ಬಿಲ್ಲೆ ಎಲ್ಲಿಟ್ಟಿದೀಯ?"

"ಯಾವ ಮೇಣ?"

ಆ ಮುಖದಲ್ಲಿ ಏನೂ ಇರಲಿಲ್ಲ. ಗಾಬರಿಯಿಲ್ಲ, ಜಾಣತನವಿಲ್ಲ, ಭಾಷೆ ತಿಳಿಯದ ಊರಿನಲ್ಲಿ ದಾರಿ ಕೇಳುವವಳ ಮುಖ. ಇನ್‌ಸ್ಪೆಕ್ಟರಮ್ಮ ಎಷ್ಟೋ ಕಳ್ಳರನ್ನು ಎದುರಿಗೆ ಕೂರಿಸಿಕೊಂಡವಳು. ಇಂಥ ಮುಖ ಅವರಲ್ಲಿ ಕಂಡಿದ್ದು ಕಡಿಮೆ ಎಂಬ ಅನುಮಾನ ಎದ್ದಿತು. ಅದನ್ನು ಅಲ್ಲೇ ಒತ್ತಿಟ್ಟಳು.

"ಸಾಕು ಬಿಡಿ ಇನ್‌ಸ್ಪೆಕ್ಟರಮ್ಮ," ಎಂದ ಬಾಮೈದ. ದನಿ ಬೆಣ್ಣೆಯಂತಿತ್ತು. "ಕಾಯಿಲೆ ಬಿದ್ದ ಹುಡುಗಿ. ಯಾರೋ ಆಸೆ ತೋರಿಸಿದಾರೆ, ಪಾಪ, ಬಂದಿದಾಳೆ. ಪೊಲೀಸು ಗಿಲೀಸು ಬೇಡ. ಮರ್ಯಾದೆಯಾಗಿ ಹೊರಟುಹೋದ್ರೆ ನಮ್ಮದೇನೂ ತಕರಾರಿಲ್ಲ."

ಡ್ರೈವರಕ್ಕ ಅವನ ಕಡೆ ತಿರುಗಲಿಲ್ಲ. ಅವಳ ಕಣ್ಣು ಅಕ್ಕಯ್ಯನ ಮೇಲಿತ್ತು.

"ಅತ್ತೆ, ನೀವು ಹೇಳಿ. ಹೋಗ್ಲಾ?"

ಅಕ್ಕಯ್ಯನ ಬೆರಳುಗಳು ಒಂದೊಂದಾಗಿ ಸಡಿಲವಾಗಿ, ಆ ಮಣಿಕಟ್ಟಿನಿಂದ ಕೈ ಮಡಿಲಿಗೆ ಜಾರಿತು.

ಡ್ರೈವರಕ್ಕ ತನ್ನ ಮಣಿಕಟ್ಟನ್ನೇ ನೋಡಿಕೊಂಡಳು. ಹಿಡಿದಿದ್ದ ಜಾಗ ಕೆಂಪಾಗಿತ್ತು.

"ಸೋಮವಾರ ಆಪರೇಶನ್ನು," ಎಂದಳು ಎದ್ದು ನಿಂತು. "ನಿಮ್ಮವರು ಅಂತ ಯಾರಾದ್ರೂ ಒಬ್ಬರ ಹೆಸರು ಹೇಳಿ ಅಂದಿದ್ರು ಆಸ್ಪತ್ರೆಯಲ್ಲಿ. ಇರಿ, ಕೇಳ್ಕೊಂಡು ಬರ್ತೀನಿ ಅಂದಿದ್ದೆ. ಯಾರೂ ಇಲ್ಲ ಅಂತ ಹೇಳ್ತೀನಿ ಬಿಡಿ. ಅಭ್ಯಾಸ ಇದೆ."

ಚಪ್ಪಲಿ ಮೆಟ್ಟಿದ ಸದ್ದು ಕೇಳಿಸಿತು. ಗೇಟಿನ ಸದ್ದು ಕೇಳಿಸಿತು. ಅಕ್ಕಯ್ಯ ಮಾತ್ರ ಆ ಖಾಲಿ ಕುರ್ಚಿಯನ್ನು ನೋಡುತ್ತಲೇ ಕೂತಿದ್ದಳು.

"ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದ್ರಿ," ಎಂದು ಬಾಮೈದ ಇನ್‌ಸ್ಪೆಕ್ಟರಮ್ಮನ ಲೋಟಕ್ಕೆ ಮತ್ತಷ್ಟು ಚಹಾ ಬಗ್ಗಿಸಿದ. "ಹಾವೂ ಸತ್ತಿತು, ಕೋಲೂ ಮುರೀಲಿಲ್ಲ."

ಚಹಾ ಒಗರಾಗಿತ್ತು. ಅವಳು ಪೂರ್ತಿ ಕುಡಿಯಲಿಲ್ಲ.

*

ಮರುದಿನ ಬೆಳಿಗ್ಗೆ ಅವಳು ಸ್ಕೂಟರಿಗೆ ಪಂಕ್ಚರ್ ಹಾಕಿಸುತ್ತಾ ರಸ್ತೆಬದಿಯ ಸ್ಟೂಲಿನ ಮೇಲೆ ಕೂತಿದ್ದಾಗ ಡಾಕ್ಟರ ಫೋನು ಬಂತು.

"ಕೂತಿದೀಯಾ, ನಿಂತಿದೀಯಾ?"

"ಕೂತಿದೀನಿ. ಹೇಳು."

"ಆ ಹುಡುಗಿಯ ರಕ್ತ. ಜೀನು ನಿಜವಾಗಿಯೂ ಮುರಿದಿದೆ. ಹುಟ್ಟಿನಿಂದ. ಅವಳು ಹೇಳಿದ್ದು ಅಕ್ಷರಶಃ ನಿಜ."

ಪಂಕ್ಚರಿನವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿದ. ಗುಳ್ಳೆಗಳು ಎದ್ದವು.

"ಯಾರಾದ್ರೂ ಕೈವಾಡ ಮಾಡಿ..."

"ರಕ್ತ ತೆಗೆದಿದ್ದು ನಾನು. ಅವಳು ತೋಳು ಚಾಚಿದಾಗ ಪಕ್ಕದಲ್ಲಿ ನಿಂತಿದ್ದವಳು ನೀನು. ಇದನ್ನ ಯಾರೂ ಯಾರಿಗೂ ಕಲಿಸಿಕೊಡೋಕಾಗಲ್ಲ. ಮೈಯ ಒಂದೊಂದು ಕೋಶದಲ್ಲೂ ಇದೆ."

"ಆದ್ರೆ ಯಜಮಾನರಿಂದ ಬಂದಿಲ್ಲ ಅಂತ ನೀನೇ ಅಂದೆ."

"ಅಂದೆ. ಈಗಲೂ ಅಂತೀನಿ. ಅಷ್ಟು ಕೇಳ್ಕೊಂಡು ನೀನು ಎದ್ದು ಓಡಿದೆ." ಆ ಕಡೆ ಡಾಕ್ಟರ್ ಕಾಗದ ಮಗುಚಿದ ಸದ್ದಾಯಿತು. "ಮನುಷ್ಯರಿಗೆ ಅಪ್ಪ ಒಬ್ಬನೇ ಇರಲ್ಲ ಕಣೇ. ಅಮ್ಮನೂ ಇರ್ತಾಳೆ."

ಇನ್‌ಸ್ಪೆಕ್ಟರಮ್ಮ ಸ್ಟೂಲಿನಿಂದ ಎದ್ದಳು.

"ತಾಯಿ ಜ್ವರದಲ್ಲಿ ಸತ್ತಿದ್ದು," ಎಂದಳು. ಹೇಳುವಾಗಲೇ ಮಾತು ಪೊಳ್ಳೆನಿಸಿತು.

"ಯಾರು ಹೇಳಿದ್ದು?"

ಯಾರು ಹೇಳಿದ್ದು? ಮೊದಲ ದಿನ, ಕಾರ್ಖಾನೆಯ ಕಚೇರಿಯಲ್ಲಿ, ಕಣ್ಣು ಒರೆಸಿಕೊಳ್ಳುತ್ತಾ ಬಾಮೈದ ಹೇಳಿದ್ದ: ನಮ್ಮಕ್ಕನ್ನ ಜ್ವರ ತಿಂದ್ಕೊಂಡು ಹೋಯ್ತು ಇನ್‌ಸ್ಪೆಕ್ಟರಮ್ಮ. ಸ್ವಂತ ತಮ್ಮ ಅಕ್ಕನ ಸಾವಿನ ಬಗ್ಗೆ ಹೇಳಿದ್ದನ್ನು ಯಾರು ಪರೀಕ್ಷಿಸುತ್ತಾರೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ಅವಳು ಕೇಳಿದ್ದನ್ನು ಕೇಳಿದ ಹಾಗೆಯೇ ಕಟ್ಟಿಹಾಕಿಕೊಂಡಿದ್ದಳು.

"ಗಾಡಿ ಇಲ್ಲೇ ಇರಲಿ," ಎಂದು ಪಂಕ್ಚರಿನವನಿಗೆ ಹೇಳಿ ಎದುರಿಗೆ ಬಂದ ಆಟೊಗೆ ಕೈ ಅಡ್ಡ ಹಾಕಿದಳು.

*

ಅಕ್ಕಯ್ಯ ನಿನ್ನೆಯ ಸೀರೆಯಲ್ಲೇ, ನಿನ್ನೆಯ ಕುರ್ಚಿಯಲ್ಲೇ ಇದ್ದಳು. ಎದುರಿಗಿದ್ದ ಚಹಾ ಕೆನೆಗಟ್ಟಿತ್ತು.

"ನಿಮ್ಮ ತಮ್ಮನ ಹೆಂಡತಿ ಹೇಗೆ ತೀರಿಕೊಂಡ್ರು ಅಕ್ಕಯ್ಯ?"

"ಈಗ ಅದ್ಯಾಕೆ?"

"ಜ್ವರ ಬಂದಿತ್ತಾ?"

"ಜ್ವರವಾ? ಯಾರು ಹೇಳಿದ್ದು ನಿಂಗೆ?" ಅಕ್ಕಯ್ಯ ತಲೆಯೆತ್ತಿದಳು. "ಗರ್ಭಕೋಶದ ಕ್ಯಾನ್ಸರು. ಮೂವತ್ತೇಳಕ್ಕೇ. ಮಗು ಕಳೆದ ಮೇಲೆ ಅವಳು ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ. ಕೊರಗಿ ಕೊರಗಿ ಹೊಟ್ಟೆಯಲ್ಲಿ ಹುಣ್ಣಾಯ್ತು ಅಂತ ಎಲ್ಲರೂ ಅಂದ್ರು. ನನ್ನ ಎದುರಿಗೇ ಅಂದ್ರು. ಅಂದ್ರೆ ಅಂದ್ರು. ಸುಳ್ಳೇನಲ್ಲವಲ್ಲ. ನಾನು ಕೈ ಬಿಟ್ಟೆ, ತಮ್ಮನ ಹೆಂಡತಿ ಸತ್ತಳು."

ಇನ್‌ಸ್ಪೆಕ್ಟರಮ್ಮ ಮತ್ತೆ ಫೋನು ಹಚ್ಚಿದಳು. ಅಕ್ಕಯ್ಯನಿಗೂ ಕೇಳಿಸಲಿ ಎಂದು ಸ್ಪೀಕರಿನಲ್ಲಿಟ್ಟು ಮೇಜಿನ ಮೇಲೆ ಇರಿಸಿದಳು.

"ಗರ್ಭಕೋಶದ ಕ್ಯಾನ್ಸರ್. ಮೂವತ್ತೇಳು ವರ್ಷಕ್ಕೆ," ಎಂದಳು.

ಆ ಕಡೆಯಿಂದ ಕುರ್ಚಿ ಎಳೆದ ಸದ್ದು. "ಅದೇ ಕಣೇ. ಇದೇ ಜೀನು ಹುಟ್ಟಿನಿಂದ ಮುರಿದಿದ್ರೆ ಕರುಳಿಗೂ ಬರುತ್ತೆ, ಹೆಂಗಸರಿಗೆ ಗರ್ಭಕೋಶಕ್ಕೂ ಬರುತ್ತೆ. ಅದೂ ಚಿಕ್ಕ ವಯಸ್ಸಿಗೇ. ಗಂಡನಿಗೂ ಹೆಂಡತಿಗೂ ಒಂದೇ ಜೀನು ಕೈಕೊಟ್ಟಿದೆ. ಗಂಡನದು ಬಾಯಿ ಕಟ್ಟಿದ್ದು, ಹೆಂಡತಿಯದು ಮುರಿದದ್ದು. ಕಾಕತಾಳೀಯ. ಮಗಳಿಗೆ ಬಂದಿದ್ದು ಅಮ್ಮನದು."

"ಅಂದ್ರೆ ಅವಳು ಮಗಳೇ?"

"ಆಗಿರೋ ಸಾಧ್ಯತೆ ನಿನ್ನೆಗಿಂತ ಇವತ್ತು ಜಾಸ್ತಿ. ಖಾತ್ರಿ ಬೇಕು ಅಂದ್ರೆ ತಾಯಿ ಕಡೆಯವರ ರಕ್ತ ಬೇಕು. ಮುರಿದಿರೋ ಜಾಗ ಒಂದೊಂದು ವಂಶದಲ್ಲಿ ಒಂದೊಂದು ಕಡೆ ಇರುತ್ತೆ. ಇವಳದು ಸಾಮಾನ್ಯವಾಗಿ ನೋಡಸಿಗದ ಮುರುಕು. ತಾಯಿಯ ಅಣ್ಣ ತಮ್ಮ ಯಾರಲ್ಲಾದ್ರೂ ಅದೇ ಜಾಗದಲ್ಲಿ ಅದೇ ಮುರುಕಿದ್ರೆ, ಆ ಮೇಣದ ಬಿಲ್ಲೆ ಹಾಳಾಗಿ ಹೋಗಲಿ, ನಂಗೆ ಬೇಡ."

ಅಕ್ಕಯ್ಯನಿಗೆ ಅಷ್ಟೆಲ್ಲ ಕೇಳಿಸಿದಂತಿರಲಿಲ್ಲ. ಅವಳು ಫೋನಿನ ಕಡೆ ಬಾಗಿದಳು.

"ಡಾಕ್ಟ್ರಮ್ಮ, ಕೊರಗಿನಿಂದ ಬಂದಿದ್ದಲ್ವಾ ಹಾಗಾದ್ರೆ? ನನ್ನ ತಮ್ಮನ ಹೆಂಡತಿಗೆ?"

"ಅಲ್ಲಮ್ಮ. ಅವರು ಹುಟ್ಟುವಾಗಲೇ ಅದನ್ನ ತಂದಿದ್ರು. ಮಗು ಕಳೆದುಹೋಗದಿದ್ರೂ ಬರ್ತಿತ್ತು."

ಅಕ್ಕಯ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ಕಳೆದ ಮಗುವಿನದೂ ಸತ್ತ ತಾಯಿಯದೂ ಎರಡು ಭಾರ ಹೊತ್ತವಳು, ಒಂದನ್ನು ಇಳಿಸುವುದು ಹೇಗೆಂದು ತಿಳಿಯದೆ ಕೂತಿದ್ದಳು.

ಇನ್‌ಸ್ಪೆಕ್ಟರಮ್ಮ ಕಾಯಲಿಲ್ಲ. ಕಾಯುವ ಹೊತ್ತು ಅದಲ್ಲ.

"ಅಕ್ಕಯ್ಯ, ಬಾಮೈದನಿಗೆ ಹೊಟ್ಟೆಯದು ಏನಾದ್ರೂ ತೊಂದರೆ ಇದೆಯಾ?"

"ಅವನಿಗಾ? ಕಲ್ಲು ತಿಂದು ಅರಗಿಸಿಕೊಳ್ತಾನೆ." ಅಕ್ಕಯ್ಯ ಕಣ್ಣೊರೆಸಿಕೊಂಡಳು. "ಆದ್ರೂ ವರ್ಷಕ್ಕೊಂದ್ಸಲ ತಪ್ಪದೆ ದೂರದ ದೊಡ್ಡಾಸ್ಪತ್ರೆಗೆ ಹೋಗಿ ಕರುಳಿನೊಳಗೆ ಕ್ಯಾಮೆರಾ ಬಿಡಿಸ್ಕೊಂಡು ಬರ್ತಾನೆ. ಹಿಂದಿನ ದಿನವೆಲ್ಲ ಭೇದಿ ಔಷಧಿ ಕುಡಿದು ಬಚ್ಚಲಿಗೂ ಮಂಚಕ್ಕೂ ಓಡಾಡ್ತಿರ್ತಾನೆ. ಯಾಕೋ ಅಂದ್ರೆ ಗ್ಯಾಸು ಅಂತಾನೆ. ಗ್ಯಾಸಿಗೆ ಯಾರಾದ್ರೂ ಅಷ್ಟು ಮಾಡ್ತಾರಾ? ನಮ್ಮ ಮನೆಯಲ್ಲಿ ಎಲ್ಲರೂ ನಗ್ತಿದ್ವಿ."

ಫೋನಿನಲ್ಲಿ ಡಾಕ್ಟರ್ ನಗಲಿಲ್ಲ.

"ಎಷ್ಟು ವರ್ಷದಿಂದ?" ಎಂದು ಮೆಲ್ಲಗೆ ಕೇಳಿದಳು.

"ಎಷ್ಟೋ ಆಯ್ತು. ನನ್ನ ತಮ್ಮನಿಗೆ ಕಾಯಿಲೆ ಬರೋಕ್ಕಿಂತ ಎಷ್ಟೋ ಮೊದಲಿಂದ."

"ಮುರಿದ ಜೀನು ಇರೋರಿಗೆ ನಾವು ಹೇಳೋದೇ ಅದನ್ನ," ಎಂದಳು ಡಾಕ್ಟರ್. "ವರ್ಷ ವರ್ಷ ಕ್ಯಾಮೆರಾ ಬಿಟ್ಟು ನೋಡಿಸಿ ಅಂತ. ಅವನಿಗೆ ತನ್ನದು ಗೊತ್ತಿದೆ. ಅಕ್ಕ ಯಾತರಿಂದ ಸತ್ತಳು ಅನ್ನೋದೂ ಗೊತ್ತಿದೆ."

ಇನ್‌ಸ್ಪೆಕ್ಟರಮ್ಮನ ಕಣ್ಣೆದುರಿಗೆ ಆ ಖಾಲಿ ಡ್ರಾಯರು ಬಂತು. ಮನೆಯವರು ಬಂದು ತೆಗೆದುಕೊಂಡು ಹೋದರು. ಮಗಳು ಎಂದು ಸಾಬೀತಾಗಬೇಕಿದ್ದವಳು ಅದನ್ನು ಯಾಕೆ ಕದ್ದಾಳು? ಸಾಬೀತಾಗಬಾರದು ಎನ್ನುವವನು ಕದಿಯುತ್ತಾನೆ. ಆ ಹೆಣ್ಣು ಮೊದಲ ದಿನ ಬಂದು ತನ್ನ ಕಾಯಿಲೆ ಹೇಳಿಕೊಂಡಾಗ ಅಕ್ಕಯ್ಯನಿಗೆ ತಮ್ಮ ನೆನಪಾದ. ಬಾಗಿಲ ಹತ್ತಿರ ನಿಂತಿದ್ದ ಬಾಮೈದನಿಗೆ ತನ್ನ ಸತ್ತ ಅಕ್ಕ ನೆನಪಾಗಿದ್ದಳು. ಇವಳು ಯಾರೆಂದು ಈ ಮನೆಯಲ್ಲಿ ಮೊಟ್ಟಮೊದಲು ತಿಳಿದವನು ಅವನು. ತಿಳಿದುಕೊಂಡೇ, ಅವಳನ್ನು ಹೊರಗಟ್ಟಲು ಕೂಲಿಗೆ ಒಬ್ಬಳನ್ನು ಕರೆತಂದ.

ಆ ಒಬ್ಬಳು ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿಕೊಟ್ಟಿದ್ದಳು.

"ಬಾಮೈದ ಎಲ್ಲಿ?"

"ಬೆಳಗಾಗುತ್ಲೇ ವ್ಯಾನು ತಗೊಂಡು ಹೋದ. ಮಾಲು ಮುಟ್ಟಿಸ್ಬೇಕು ಅಂದ."

ಅವಳು ಶೆಡ್ಡಿಗೆ ಓಡಿದಳು. ಅರ ಹಿಡಿದಿದ್ದ ಕೆಲಸಗಾರ ತಲೆಯಾಡಿಸಿದ. ಮುಟ್ಟಿಸಬೇಕಾದ ಮಾಲೆಲ್ಲ ಗೋಣಿ ಸುತ್ತಿಕೊಂಡು ಗೋಡೆಯ ಪಕ್ಕದಲ್ಲೇ ನಿಂತಿತ್ತು. ವ್ಯಾನು ಖಾಲಿ ಹೋಗಿತ್ತು.

ಬಾಮೈದನ ಫೋನು ಸ್ವಿಚ್ ಆಫ್ ಆಗಿತ್ತು. ಡ್ರೈವರಕ್ಕನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಾಗ ಅದೂ ಸ್ವಿಚ್ ಆಫ್.

"ನಾನೂ ಬರ್ತೀನಿ," ಎಂದು ಅಕ್ಕಯ್ಯ ನೋವಿನ ಮಂಡಿ ಎಳೆದುಕೊಂಡು ಗೇಟಿನವರೆಗೆ ಬಂದಿದ್ದಳು. ಇನ್‌ಸ್ಪೆಕ್ಟರಮ್ಮ ಅವಳನ್ನು ಆಟೊಗೆ ಹತ್ತಿಸಿಕೊಂಡಳು. ಅಕ್ಕಯ್ಯನ ಬಲಗೈ ಸೀಟಿನ ಕಂಬಿಯನ್ನು ಹಿಡಿದಿತ್ತು, ಬೆರಳಿನ ಗೆಣ್ಣುಗಳು ಬಿಳಿಚಿದ್ದವು.

ಬಸ್ ನಿಲ್ದಾಣದ ಎದುರಿಗೆ ಡ್ರೈವರಕ್ಕ ಇಳಿದುಕೊಂಡಿದ್ದ ವಸತಿಗೃಹದಲ್ಲಿ ಮೇಲಿನ ಮಹಡಿಯ ಕೋಣೆ ಬಾಗಿಲು ತೆರೆದಿತ್ತು. ಕೆಲಸದವಳು ಹಾಸಿಗೆಯ ಹೊದಿಕೆ ಕೊಡವುತ್ತಿದ್ದಳು. ಕಿಟಕಿಯ ಅಂಚಿನಲ್ಲಿ ಆಸ್ಪತ್ರೆಯವರು ಕೊಟ್ಟ ಮಾತ್ರೆಗಳ ಡಬ್ಬಿ ಮರೆತು ಉಳಿದಿತ್ತು. ಇನ್‌ಸ್ಪೆಕ್ಟರಮ್ಮ ಅದನ್ನು ಎತ್ತಿಕೊಂಡು ಕೆಳಗಿಳಿದಳು. ದಪ್ಪ ಕನ್ನಡಕದ ವಸತಿಗೃಹದ ಒಡತಿ ಮೇಜಿನ ಹಿಂದೆ ಕೂತು ಬೀಗದಕೈಗಳನ್ನು ಮೊಳೆಗೆ ತೂಗುಹಾಕುತ್ತಿದ್ದಳು.

"ಮೇಲಿನ ಕೋಣೆಯ ಹುಡುಗಿ ಎಲ್ಲಿ?"

"ಖಾಲಿ ಮಾಡಿದಳಮ್ಮ. ಈಗಷ್ಟೇ, ನಾನು ಹಾಲು ಕಾಯಿಸಿಟ್ಟೆ ನೋಡಿ, ಅಷ್ಟೊತ್ತಿಗೆ."

"ಒಬ್ಬಳೇ ಹೋದಳಾ?"

"ಇಲ್ಲ, ಅವಳ ಕಡೆಯವರು ವ್ಯಾನು ತಂದಿದ್ರು. ರಾತ್ರಿಯೆಲ್ಲ ಅತ್ತು ಕಣ್ಣು ಊದಿಸ್ಕೊಂಡಿದ್ದ ಹುಡುಗಿ, ಅವರನ್ನ ನೋಡಿದ ಮೇಲೆ ನಗ್ತಾ ನಗ್ತಾ ಹೊರಟಳು. ಇಲ್ಲಿಯ ಆಸ್ಪತ್ರೆ ಬೇಡ, ಇದಕ್ಕಿಂತ ಒಳ್ಳೆ ಕಡೆ ನಾನೇ ಮುಂದೆ ನಿಂತು ಆಪರೇಶನ್ ಮಾಡಿಸ್ತೀನಿ ಅಂದ್ರು. ಚೀಲ ಕೂಡ ಅವಳ ಕೈಗೆ ಕೊಡಲಿಲ್ಲ, ತಾವೇ ಹೊತ್ಕೊಂಡ್ರು. ನಂಗೇ ಕಣ್ಣಲ್ಲಿ ನೀರು ಬಂತು."

ಹಿಂದಿನಿಂದ ಅಕ್ಕಯ್ಯನ ಕೈ ಇನ್‌ಸ್ಪೆಕ್ಟರಮ್ಮನ ತೋಳನ್ನು ಹಿಡಿಯಿತು.

"ಅವರು ಯಾರು ಅಂತ ಕೇಳಿದ್ರಾ?"

"ಕೇಳದೆ ಬಿಡ್ತೀನಾ? ಹೆಣ್ಣುಮಗಳನ್ನ ಹಾಗೆಲ್ಲ ಯಾರ ಜೊತೆಗೋ ಕಳಿಸೋಕಾಗುತ್ತಾ?" ಒಡತಿ ಕೊನೆಯ ಬೀಗದಕೈಯನ್ನು ಮೊಳೆಗೆ ಸಿಕ್ಕಿಸಿದಳು. "ನಾನು ಅವಳ ಸೋದರಮಾವ ಅಂದ್ರು."